ನನ್ನ ಗಂಟಲು, ಅತ್ತೆಯ ಬಾದಾಮಿ ಹಾಲು

ಮದುವೆಮನೆಯಲ್ಲಿ ನಾವಿನ್ನೂ ಊಟ ಮಾಡುತ್ತಿರುವಾಗಲೇ ಮುಂದಿನ ಪಂಕ್ತಿಯವರು ಬಂದು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಲ್ಲುತ್ತಾರಲ್ಲ, ಅಂಥ ಹೊತ್ತಿನಲ್ಲಿ ನನ್ನ ಎದೆಯ ನಡುವೆ ಒಂದು ತುತ್ತು ಹೋಳಿಗೆ ಸಿಕ್ಕಿಹಾಕಿಕೊಂಡಿತು. ಜಯನಗರದ ಒಂದು ಕಲ್ಯಾಣ ಮಂಟಪ, ನನ್ನ ಗಂಡನ ಕಡೆಯವರ ಮದುವೆ. ಬಲಕ್ಕೆ ಅತ್ತೆ, ಎಡಕ್ಕೆ ಗಂಡ ರಾಘು, ಹಿಂದೆ ನನ್ನ ಕುರ್ಚಿಯನ್ನು ಆಗಲೇ ತಮ್ಮದೆಂದುಕೊಂಡಿದ್ದ ರೇಷ್ಮೆ ಸೀರೆಯ ಹೆಂಗಸು. ತುತ್ತು ಕೆಳಗೂ ಇಳಿಯದು, ಮೇಲಕ್ಕೂ ಬಾರದು. ನೀರು ಕುಡಿದೆ. ನೀರೂ ಅದರ ಮೇಲೆಯೇ ನಿಂತು, ಸ್ವಲ್ಪ ಹೊತ್ತಿಗೆ ಬಾಯಿಗೇ ವಾಪಸು ಬಂತು. ಉಸಿರಿಗೇನೂ ತೊಂದರೆಯಿರಲಿಲ್ಲ, ಅದೇ ವಿಚಿತ್ರ. ಚೆನ್ನಾಗಿಯೇ ಉಸಿರಾಡುತ್ತಾ, ಬಾಯಲ್ಲಿ ತುಂಬುತ್ತಿದ್ದ ಜೊಲ್ಲನ್ನು ಕರವಸ್ತ್ರಕ್ಕೆ ಒರೆಸಿಕೊಳ್ಳುತ್ತಾ, ಸತ್ತೇ ಹೋಗುತ್ತೇನೆ ಎಂದುಕೊಂಡು ಕುಳಿತಿದ್ದೆ.

"ನಿಮ್ದು ಮೊಸರನ್ನ ಒಂದೇ ಅಲ್ವಾ ಬಾಕಿ?" ಎಂದು ಹಿಂದಿನಿಂದ ಆ ಹೆಂಗಸು ಕೇಳಿದರು.

ಮಾತಾಡಿದರೆ ಬಾಯಲ್ಲಿದ್ದದ್ದೆಲ್ಲ ಎಲೆಯ ಮೇಲೆ ಬೀಳುತ್ತಿತ್ತು. ತಲೆಯಾಡಿಸಿದೆ. ಎದ್ದು ಹೋಗೋಣವೆಂದು ಮೇಜಿನ ಮೇಲೆ ಕೈ ಊರಿದರೆ ಅತ್ತೆ ಮೊಣಕೈ ಹಿಡಿದರು. "ಪಂಕ್ತಿ ಮಧ್ಯೆ ಏಳ್ಬಾರ್ದು ಕಣೆ. ಎಲ್ಲರದ್ದೂ ಆಗ್ಲಿ."

ಎಲ್ಲರದ್ದೂ ಆಗುವವರೆಗೆ ಕುಳಿತಿದ್ದೆ. ಆಮೇಲೆ ಕೈತೊಳೆಯುವ ಜಾಗದಲ್ಲಿ ಗೋಡೆಗೆ ಒರಗಿ ಎಷ್ಟೋ ಹೊತ್ತು ನಿಂತ ಮೇಲೆ ಹೋಳಿಗೆ ತಾನಾಗಿಯೇ, ಏನೂ ಆಗಿಲ್ಲವೆಂಬಂತೆ, ಜಾರಿಕೊಂಡು ಹೋಯಿತು. ಮುಖ ತೊಳೆದುಕೊಂಡು ತಾಂಬೂಲದ ಚೀಲ ಇಸಿದುಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ. ಹೋಳಿಗೆ ತಿನ್ನಲು ಬಾರದವಳು ಎಂದು ಯಾರ ಬಾಯಲ್ಲೂ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ.

ಅದು ಮೊದಲ ಸಲವೇನೂ ಆಗಿರಲಿಲ್ಲ. ಚಪಾತಿ, ದಪ್ಪಕ್ಕಿ ಅನ್ನ, ಆಲೂಗಡ್ಡೆ ಹೋಳು, ಒಂದೊಂದು ದಿನ ಇಡ್ಲಿ ಕೂಡ ಎದೆಯ ಹತ್ತಿರ ಬಂದು ನಿಂತು ಯೋಚನೆ ಮಾಡಿ ಹೋಗುತ್ತಿದ್ದವು. ನಾನು ಜಯನಗರ ಫೋರ್ತ್ ಬ್ಲಾಕಿನ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ "ಈಗ ಸ್ಪಷ್ಟ ಕಾಣತ್ತಾ? ಈಗ?" ಎಂದು ಜನರನ್ನು ಕೇಳುವ ನನಗೆ ನನ್ನದೇ ಅವಸ್ಥೆ ಕಾಣಲು ಎರಡು ವರ್ಷ ಬೇಕಾಯಿತು. ಮನೆ ಹತ್ತಿರದ ಡಾಕ್ಟರು ಗ್ಯಾಸ್ ಎಂದರು. ಇನ್ನೊಬ್ಬರು ಟೆನ್ಷನ್ ಎಂದರು. ಮೂರನೆಯವರು ಕತ್ತೆತ್ತಿಯೂ ನೋಡದೆ, "ನಿಮ್ಮ ವಯಸ್ಸಿಗೆ ಇವೆಲ್ಲಾ ಸಹಜ ಮೇಡಂ" ಎಂದರು. ನನ್ನ ವಯಸ್ಸು ನಲವತ್ತಾರು. ನಲವತ್ತಾರಕ್ಕೆ ಅನ್ನ ಗಂಟಲಲ್ಲಿ ನಿಲ್ಲುವುದು ಯಾವ ಸೀಮೆಯ ಸಹಜವೋ! ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಪ್ರತಿ ತುತ್ತಿಗೂ ನೀರಿನ ಲೋಟ ಬೇಕಾಗುತ್ತಿದ್ದರೆ, ದಯವಿಟ್ಟು ಗ್ಯಾಸ್ ಎಂದುಕೊಂಡು ಸುಮ್ಮನಿರಬೇಡಿ.

ಕೊನೆಗೆ ಗಂಟಲೊಳಗೆ ಕ್ಯಾಮೆರಾ ಬಿಟ್ಟು ನೋಡುವ ದಿನ ಬಂತು. ಆಸ್ಪತ್ರೆಯ ಆ ಹಜಾರದಲ್ಲಿ ಕುಳಿತವರೆಲ್ಲ ಹಸಿದ ಹೊಟ್ಟೆಯವರು, ನೀರು ಕೂಡ ಕುಡಿಯಬಾರದೆಂದು ಹೇಳಿಸಿಕೊಂಡು ಬಂದವರು. ಗೋಡೆಯ ಟಿವಿಯಲ್ಲಿ ಯಾರೋ ಒಗ್ಗರಣೆ ಹಾಕಿ ಪಲಾವ್ ಮಾಡುತ್ತಿದ್ದರು. ಚಾನೆಲ್ ಬದಲಿಸಿ ಎಂದು ಹೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ, ಎಲ್ಲರೂ ಬೆಂದ ಅಕ್ಕಿಯನ್ನೇ ನೋಡುತ್ತಿದ್ದೆವು. ನಾನು ಮತ್ತೆ ಮತ್ತೆ ಒಳಬಾಗಿಲ ಕಡೆ ನೋಡುವುದನ್ನು ಪಕ್ಕದ ಹೆಂಗಸು ಕಂಡಿರಬೇಕು. ಗದಗದ ಕಡೆಯವರು, ಬಿಟಿಎಂ ಬಡಾವಣೆಯ ಮಗಳ ಮನೆಗೆ ಬಂದು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದರು.

"ಅಂಜಬ್ಯಾಡ್ರಿ ಅಕ್ಕಾರ," ಎಂದರು. "ಗಂಟಲಾಗ ಔಷಧ ಹೊಡೀತಾರ, ಬಾಳೆಹಣ್ಣಿನ ವಾಸನಿ ಬರ್ತದ. ಆಮ್ಯಾಲೆ ಕಣ್ಣು ಮುಚ್ಚಿ ಮೂಗಿಲೇ ಉಸಿರಾಡ್ರಿ. ಬಾಯಿ ಐತಿ ಅನ್ನೋದ ಮರ್ತುಬಿಡ್ರಿ."

ನಿಜಕ್ಕೂ ಬಾಳೆಹಣ್ಣಿನ ವಾಸನೆಯೇ ಬಂತು. ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಬಳೆಯಂಥದ್ದನ್ನು ಸಿಕ್ಕಿಸಿ ಕೊಳವೆ ಒಳಗೆ ಬಿಟ್ಟಾಗ ಆ ಹೆಂಗಸಿನ ಮಾತೊಂದನ್ನೇ ಹಿಡಿದುಕೊಂಡಿದ್ದೆ. ಅವರ ಹೆಸರು ಕೇಳಲಿಲ್ಲ. ಎಲ್ಲೇ ಇರಲಿ, ಅವರ ಹೊಟ್ಟೆ ತಣ್ಣಗಿರಲಿ.

ನನ್ನ ಕಾಯಿಲೆಯ ಹೆಸರು ಇಯೊಸಿನೊಫಿಲಿಕ್ ಇಸೊಫಜೈಟಿಸ್. ಅತ್ತೆ ಅದನ್ನು ಇಂದಿಗೂ "ಆ ಉದ್ದ ಹೆಸರಿಂದು" ಎನ್ನುತ್ತಾರೆ. ಅನ್ನನಾಳ ಒಳಗೊಳಗೇ ಊದಿಕೊಂಡು ಕಿರಿದಾಗುತ್ತಿತ್ತು, ನಾನು ತಿನ್ನುವ ಯಾವುದೋ ಅದಕ್ಕೆ ಆಗುತ್ತಿರಲಿಲ್ಲ. ಡಾಕ್ಟರು ನನಗಿಂತ ಚಿಕ್ಕವರು, ಗಿಡ್ಡ ಕೂದಲಿನ ಹುಡುಗಿ, ಮಾತು ಕಡಿಮೆ. ಮಾತ್ರೆ ಬರೆದುಕೊಟ್ಟು, "ಮೊದಲು ಹಾಲು ನಿಲ್ಸಿ. ಪೂರ್ತಿ. ಆಮೇಲೆ ಇನ್ನೊಂದ್ಸಲ ಒಳಗೆ ನೋಡೋಣ," ಎಂದರು.

"ಕಾಫಿಗೆ ಎಷ್ಟು ಹಾಕ್ಬಹುದು?" ಎಂದೆ.

"ಪೂರ್ತಿ ಅಂದೆ ಮೇಡಂ."

ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಹಾಲು ನಿಲ್ಲಿಸುವುದೆಂದರೆ ಗೋಡೆ ನಿಲ್ಲಿಸಿಕೊಂಡು ಇಟ್ಟಿಗೆ ತೆಗೆಯುವ ಕೆಲಸ. ಬೆಳಗಾಗುವುದು ಕಾಫಿಯಿಂದ, ಊಟ ಮುಗಿಯುವುದು ಮೊಸರಿನಿಂದ. ಸಾರಿನ ಒಗ್ಗರಣೆ ತುಪ್ಪದ್ದು, ಚಕ್ಕುಲಿಯ ಹಿಟ್ಟಿಗೆ ಬೆಣ್ಣೆ, ಹೊಟ್ಟೆ ಕೆಟ್ಟರೆ ಮಜ್ಜಿಗೆ, ದೇವರಿಗೆ ಪಂಚಾಮೃತ. "ಹಾಲಾ?" ಎಂದರು ಅತ್ತೆ, ಡಾಕ್ಟರು ತಪ್ಪು ಕಾಗದ ಓದಿರಬೇಕೆಂಬ ದನಿಯಲ್ಲಿ. "ಹಾಲು ಯಾರಿಗಾದ್ರೂ ಆಗ್ದೇ ಇರತ್ತಾ?"

ಅತ್ತೆಗೆ ಎಪ್ಪತ್ತಾರು. ಈ ಮನೆಗೆ ಸೊಸೆಯಾಗಿ ಬಂದ ದಿನ ಅವರ ಅತ್ತೆ ಕೈಗೆ ಕೊಟ್ಟದ್ದು ಒಂದು ಸಣ್ಣ ಪಾತ್ರೆಯಲ್ಲಿ ಹೆಪ್ಪು. ಇವತ್ತಿನ ಮೊಸರಿನ ಒಂದು ಚಮಚ ನಾಳೆಯ ಹಾಲಿಗೆ, ನಾಳೆಯದರಲ್ಲಿ ಒಂದು ಚಮಚ ನಾಡಿದ್ದಿಗೆ, ಹೀಗೆ ಅಂದಿನಿಂದ ಒಂದು ದಿನವೂ ಅದು ತಪ್ಪಿಲ್ಲ. ಮನೆಮಂದಿಯೆಲ್ಲ ಕಾಶಿಗೆ ಹೋದಾಗ ಪಕ್ಕದ ಮನೆಯವರಿಗೆ ಕೀಲಿಕೈ ಕೊಡುವುದಕ್ಕೆ ಮೊದಲು ಹೆಪ್ಪಿನ ಪಾತ್ರೆ ಕೊಟ್ಟಿದ್ದರು. ಅಂಗಡಿಯ ಪ್ಯಾಕೆಟ್ ಮೊಸರು ನಮ್ಮ ಹೊಸ್ತಿಲು ದಾಟಿದ್ದೇ ಇರಲಿಲ್ಲ.

ನಾನು ಸೂಪರ್ ಮಾರ್ಕೆಟ್ಟಿನಿಂದ ಬಾದಾಮಿ ಹಾಲಿನ ಡಬ್ಬಿಯೊಂದನ್ನು ತಂದೆ. ಅತ್ತೆ ಲೋಟಕ್ಕೆ ಬಗ್ಗಿಸಿ, ಬೆಳಕಿಗೆ ಹಿಡಿದು, "ಅಕ್ಕಿ ತೊಳೆದ ನೀರು," ಎಂದು ತೀರ್ಪು ಕೊಟ್ಟರು. "ಹಬ್ಬಕ್ಕೆಲ್ಲಾ ಬಾದಾಮಿ ಹಾಲು ಮಾಡೋದು ಯಾರು? ನಾನು ಮಾಡ್ತೀನಿ ಬಿಡು." ಮಾರನೆಯ ದಿನ ಕೇಸರಿ, ಏಲಕ್ಕಿ ಹಾಕಿ ಘಮಘಮಿಸುವ ಲೋಟ ನನ್ನ ಮುಂದೆ ಬಂತು. ತುಟಿಗಿಡುವ ಮುಂಚೆ ಯಾಕೋ ಅನುಮಾನವಾಯಿತು.

"ಅತ್ತೆ, ಇದಕ್ಕೆ ಹಾಲು ಹಾಕಿದ್ದೀರಾ?"

"ಹಾಲು ಹಾಕ್ದೇ ಬಾದಾಮಿ ಹಾಲು ಹೇಗಾಗತ್ತೆ?"

ರಾಘು ನಕ್ಕರು. ನಾನೂ ನಕ್ಕೆ. ಆ ಲೋಟವನ್ನು ರಾಘು ಕುಡಿದರು. ಆಮೇಲೆ ನಾನು ಅತ್ತೆಗೆ ಫೋನಿನಲ್ಲಿ ವಿಡಿಯೋ ತೋರಿಸಿದೆ, ಬರೀ ಬಾದಾಮಿ, ಬರೀ ನೀರು. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ನೋಡಿ, "ಇದಕ್ಕೆ ಇಷ್ಟು ಮಾತಾ?" ಎಂದು ಎದ್ದರು. ಆ ಬೆಳಗಿನಿಂದ ನನ್ನ ಹಾಲು ಅವರ ಕೈಗೆ ಹೋಯಿತು, ಸಾರಿನ ಒಗ್ಗರಣೆ ತುಪ್ಪದಿಂದ ಎಣ್ಣೆಗೆ ಬದಲಾಯಿತು.

ಹಿಂದಿನ ಸಂಜೆ ಬಾದಾಮಿ ನೆನೆಹಾಕುತ್ತಿದ್ದರು. ಬೆಳಿಗ್ಗೆ ಸ್ನಾನ ಮುಗಿಸಿ ಕುಳಿತು ಒಂದೊಂದನ್ನೇ ಹಿಸುಕಿ ಸಿಪ್ಪೆ ತೆಗೆಯುತ್ತಿದ್ದರು. ಬೀಜ ಪಟ್ಟನೆ ಚಿಮ್ಮಿ ಒಲೆಯ ಕೆಳಗೋ ಫ್ರಿಜ್ಜಿನ ಹಿಂದೋ ಓಡುತ್ತಿತ್ತು, ಅದನ್ನು ಬೈಯುತ್ತಲೇ ಹುಡುಕುತ್ತಿದ್ದರು. ಅವರ ಬೆರಳಿನ ಗಿಣ್ಣುಗಳು ಊದಿಕೊಂಡಿವೆ, ಚಳಿಗಾಲದಲ್ಲಿ ಸೆರಗಿನ ಪಿನ್ನು ಹಾಕಿಕೊಳ್ಳಲೂ ನನ್ನನ್ನು ಕರೆಯುತ್ತಾರೆ. ಸ್ವಲ್ಪ ಸ್ವಲ್ಪವೇ ನೀರು ಬಿಟ್ಟು ಮಿಕ್ಸಿಯಲ್ಲಿ ನುಣ್ಣಗೆ ರುಬ್ಬಿ, ತೀರಿಹೋದ ಮಾವನವರ ಮೆತ್ತನೆಯ ಪಂಚೆಯ ತುಂಡಿನಲ್ಲಿ ಸುರಿದು, ಆ ಬೆರಳುಗಳಿಂದಲೇ ಹಿಂಡುತ್ತಿದ್ದರು. ನಾನು ಹಿಂಡುತ್ತೇನೆಂದರೆ "ನಿಂಗೆ ಅಂಗಡಿಗೆ ಹೊತ್ತಾಯ್ತು," ಎನ್ನುತ್ತಿದ್ದರು. ಉಳಿದ ಚರಟ ಚಟ್ನಿಗೆ. ಕುದಿಯುವ ಡಿಕಾಕ್ಷನ್ನಿಗೆ ಬಾದಾಮಿ ಹಾಲು ಹಾಕಿದರೆ ಒಡೆದು ಚೂರುಚೂರಾಗುತ್ತದೆ. ಹಾಲನ್ನು ಉಗುರು ಬೆಚ್ಚಗೆ ಮಾಡಿ, ಡಿಕಾಕ್ಷನ್ ಸ್ವಲ್ಪ ಆರಿಸಿ, ನಿಧಾನಕ್ಕೆ ಸೇರಿಸಬೇಕು. ಇದನ್ನು ಅವರು ಒಂದು ವಾರ ಕಾಫಿ ಚೆಲ್ಲಿ ಚೆಲ್ಲಿ ಕಂಡುಹಿಡಿದರು. ನಾಲ್ಕು ಗೋಡಂಬಿ ಸೇರಿಸಿದರೆ ಮಂದ ಬರುತ್ತದೆ. ಕಡಲೆಕಾಯಿ ಬೀಜದ್ದು ಹಸಿ ವಾಸನೆ, ತೆಂಗಿನಕಾಯಿಯದ್ದು ಕಾಫಿಯನ್ನು ಪಾಯಸ ಮಾಡುತ್ತದೆ, ಎರಡೂ ಬೇಡ ಎಂದು ಅವರೇ ತಳ್ಳಿಹಾಕಿದರು.

ಇಷ್ಟೆಲ್ಲ ಮಾಡಿಸಿಕೊಂಡು ಸುಖವಾಗಿದ್ದೆನೇ? ಇಲ್ಲ. ಮನೆ ನನಗೆ ಇಕ್ಕಟ್ಟಾಗುತ್ತಾ ಹೋಯಿತು. ಊಟಕ್ಕೆ ಕುಳಿತರೆ ಎಲ್ಲರ ಕಣ್ಣೂ ನನ್ನ ಗಂಟಲ ಮೇಲೆ. ತುತ್ತು ಬಾಯಿಗಿಟ್ಟು ಅಗಿಯುವಷ್ಟರಲ್ಲಿ ರಾಘು, "ಇಳೀತಾ?" ಎನ್ನುತ್ತಿದ್ದರು. ಅಡುಗೆಮನೆಯಿಂದ ಅತ್ತೆ, "ಇಳೀತಂತಾ?" ಗೊಟ್ಟಿಗೆರೆಯಿಂದ ನಾದಿನಿ ನಳಿನಿ ಫೋನ್ ಮಾಡಿದರೂ ಮೊದಲ ಪ್ರಶ್ನೆ ಅದೇ. ಪ್ರೀತಿಯಿಂದಲೇ ಕೇಳುತ್ತಿದ್ದರು, ನನಗೆ ಗೊತ್ತು. ಆದರೂ ಒಂದು ದಿನ ತಟ್ಟೆಯನ್ನು ಟಿವಿಗೆ ಎಸೆದುಬಿಡುತ್ತೇನೆ ಎನ್ನಿಸುತ್ತಿತ್ತು. ಅಂಗಡಿಯಲ್ಲಿ ಸಹೋದ್ಯೋಗಿಗಳು ದರ್ಶಿನಿ ಹೋಟೆಲಿಗೆ ಹೊರಟರೆ ನಾನು ಹಿಂದಿನ ಕೋಣೆಯಲ್ಲಿ ಫ್ರೇಮುಗಳ ಡಬ್ಬಗಳ ನಡುವೆ ಕುಳಿತು ಕಿವುಚಿದ ಅನ್ನ ತಿನ್ನುತ್ತಿದ್ದೆ. ಬಿಸ್ಕತ್ತು, ಬ್ರೆಡ್ಡು, ಸಾರಿನ ಪುಡಿ, ಏನೇ ಕೊಂಡರೂ ಹಿಂಬದಿಯ ಸಣ್ಣ ಅಕ್ಷರಗಳನ್ನು ಅಂಗಡಿಯ ಭೂತಗನ್ನಡಿ ಹಿಡಿದು ಓದುತ್ತಿದ್ದೆ. ಎಲ್ಲೂ ಹೋಗುವಂತಿಲ್ಲ, ಯಾರ ಮನೆಯಲ್ಲೂ ಬಾಯಿ ಬಿಡುವಂತಿಲ್ಲ. "ಒಂದು ಸ್ವಲ್ಪ ತಗೊಂಡ್ರೆ ಏನಾಗತ್ತೆ?" ಎಂದು ಕೇಳದ ಮನುಷ್ಯರೇ ಈ ಊರಿನಲ್ಲಿಲ್ಲ.

ಎಲ್ಲಕ್ಕಿಂತ ಕಾಡಿದ್ದು ಮೊಸರನ್ನ. ಸಾರನ್ನ ಮುಗಿಸಿ ಎದ್ದರೆ ಊಟವಾಯಿತು ಎನ್ನಿಸುತ್ತಲೇ ಇರಲಿಲ್ಲ. ನಾನು ಬಾಯಿ ಬಿಟ್ಟು ಹೇಳಲಿಲ್ಲ, ಅತ್ತೆ ನೋಡುತ್ತಿದ್ದರು. ಒಂದು ಮಧ್ಯಾಹ್ನ, ಭಾನುವಾರ, ನನ್ನ ತಟ್ಟೆಯ ಅನ್ನದ ಮೇಲೆ ಬೆಳ್ಳಗೆ, ಗಟ್ಟಿಯಾಗಿ ಒಂದು ಸೌಟು ಬಿತ್ತು.

"ಬಾದಾಮೀದೇ," ಎಂದರು, ನಾನು ಕೇಳುವ ಮೊದಲೇ. "ಮೊಸರು ಮಾಡ್ದೆ. ಕಲಸ್ಕೋ."

ಕಲಸಿಕೊಂಡೆ. ಉಪ್ಪು, ಸ್ವಲ್ಪ ಶುಂಠಿ. ಹುಳಿ ಇತ್ತು, ತಂಪಿತ್ತು. ಹೇಳಿದರೆ ಹುಚ್ಚು ಎನ್ನುತ್ತೀರಿ, ಒಂದು ತುತ್ತು ಮೊಸರನ್ನಕ್ಕೆ ಕಣ್ಣಲ್ಲಿ ನೀರು ಬಂತು. ರಾಘು ಅವತ್ತು "ಇಳೀತಾ?" ಎನ್ನಲಿಲ್ಲ. ಆ ದಿನದಿಂದ ಎರಡು ಹೊತ್ತೂ ಅದನ್ನೇ ತಿಂದೆ. ದಿನದಲ್ಲಿ ನನಗೆ ಸಿಗುತ್ತಿದ್ದ ಒಂದೇ ಒಂದು ಸುಖ ಅದು.

ಎರಡನೆಯ ಸಲ ಕ್ಯಾಮೆರಾ ಬಿಟ್ಟಾಗ ವಾಸಿಯಾಗಿರುತ್ತದೆ ಎಂದೇ ನಂಬಿದ್ದೆ. ನಂಬದೆ ಇರಲು ಕಾರಣವೇ ಇರಲಿಲ್ಲ. ಡಾಕ್ಟರು ಪರದೆಯ ಮೇಲಿನ ಚಿತ್ರವನ್ನು ನನ್ನ ಕಡೆ ತಿರುಗಿಸಿದರು. "ಊತ ಹಾಗೇ ಇದೆ. ಸ್ವಲ್ಪ ಇನ್ನೂ ಕಿರಿದಾಗಿದೆ."

"ಹಾಲು ಮುಟ್ಟಿಲ್ಲ ಡಾಕ್ಟರ್. ಒಂದು ಹನಿ ಕೂಡ."

"ಹಾಗಾದ್ರೆ ಹಾಲಲ್ಲ ಅನ್ಸತ್ತೆ. ಮುಂದೆ ಗೋಧಿ ಬಿಡಿ, ಬಾದಾಮಿ, ಗೋಡಂಬಿ, ಕಡಲೆಕಾಯಿ ಎಲ್ಲಾ ಬಿಡಿ. ಇನ್ನೂ ಕಿರಿದಾದ್ರೆ ಬಲೂನ್ ಹಾಕಿ ಹಿಗ್ಗಿಸಬೇಕಾಗತ್ತೆ." ನನ್ನ ಮುಖ ನೋಡಿ ದನಿ ಮೆತ್ತಗೆ ಮಾಡಿದರು. "ಎಲ್ಲಾ ಬಿಡೋ ಮುಂಚೆ ಒಂದ್ಸಲ ಕೂತು ನೋಡೋಣ. ಬರೋ ವಾರ ಮನೇಲಿ ಅಡುಗೆ ಮಾಡೋರನ್ನ ಕರ್ಕೊಂಡು ಬನ್ನಿ."

ಆ ವಾರ ನಾನು ಹೇಗೆ ಕಳೆದೆನೋ! ಇನ್ನು ಬಾದಾಮಿಯೂ ಇಲ್ಲ. ಕಾಫಿ ಇಲ್ಲ, ಮೊಸರನ್ನ ಇಲ್ಲ, ಚಪಾತಿ ಇಲ್ಲ. ಉಳಿಯುವುದು ಗಂಜಿ. ಅದೂ ನಿಲ್ಲುವ ದಿನ ಬಂದರೆ? ಗ್ರಾಹಕರ ಕಣ್ಣಿನ ಮುಂದೆ ಲೆನ್ಸು ಬದಲಿಸುತ್ತಾ, ಒಂದೊಂದೇ ತಿಂಡಿ ಕಣ್ಣೆದುರಿನಿಂದ ಮರೆಯಾಗುವುದನ್ನು ನೋಡುತ್ತಿದ್ದೆ. ಭಯವೆಂದರೆ ಎದೆ ಹೊಡೆದುಕೊಳ್ಳುವುದು ಎಂದು ತಿಳಿದಿದ್ದೆ. ನನಗಾದದ್ದು ಬರೀ ಸುಸ್ತು.

ಅತ್ತೆ ಡಾಕ್ಟರ ಬಳಿ ಬರಲು ಒಳ್ಳೆಯ ಸೀರೆ ಉಟ್ಟರು. ಕೈಚೀಲದಲ್ಲಿ ಒಂದು ಡಬ್ಬಿ ಬಾದಾಮಿ ಚಟ್ನಿ, ಡಾಕ್ಟರಿಗೆ ರುಚಿ ತೋರಿಸಲು. ಕುರ್ಚಿಯ ತುದಿಯಲ್ಲಿ ಕುಳಿತು, ಪಾಠ ಒಪ್ಪಿಸುವ ಹುಡುಗಿಯಂತೆ ನೆನೆಹಾಕುವುದರಿಂದ ಶುರು ಮಾಡಿದರು. ಡಾಕ್ಟರು ತಾಳ್ಮೆಯಿಂದ ಬರೆದುಕೊಳ್ಳುತ್ತಿದ್ದರು.

"ಕಾಫಿಗಾಗಿ ಮಿಕ್ಕಿದ್ದನ್ನ ಉಗುರು ಬೆಚ್ಚಗೆ ಮಾಡಿ, ಒಂದು ಚಮಚ ಹೆಪ್ಪು ಹಾಕಿ ಮುಚ್ಚಿಡ್ತೀನಿ. ಬೆಳಿಗ್ಗೆಗೆ ಗಟ್ಟಿ ಮೊಸರು."

ಡಾಕ್ಟರ ಪೆನ್ನು ನಿಂತಿತು. "ಹೆಪ್ಪು ಯಾವ್ದು ಅಮ್ಮ?"

"ಯಾವ್ದು ಅಂದ್ರೆ? ನಮ್ಮನೇದೇ. ನಾವು ಹೊರಗಿಂದ ತರೋರಲ್ಲ."

"ಅಂದ್ರೆ ಹಸುವಿನ ಹಾಲಿನ ಮೊಸರಿಂದು."

"ಹೂಂ ಮತ್ತೆ. ಬಾದಾಮೀದು ಮಾರನೇ ದಿನಕ್ಕೆ ಹೆಪ್ಪಾಗಲ್ಲ, ನೀರಾಗ್ಬಿಡತ್ತೆ. ಅದಕ್ಕೇ ದಿನಾ ನಮ್ಮ ಪಾತ್ರೆಯಿಂದಾನೇ ಹಾಕ್ತೀನಿ. ಇವಳಿಗೆ ಗಟ್ಟಿ ಇದ್ರೆ ಇಷ್ಟ ಅಂತ ಸ್ವಲ್ಪ ಜಾಸ್ತೀನೇ..."

ಅಲ್ಲಿಗೆ ಅತ್ತೆಗೇ ತಿಳಿಯಿತು. ಕೈಚೀಲದ ಹಿಡಿಯನ್ನು ಸುಮ್ಮನೆ ತಿರುಚತೊಡಗಿದರು.

ನನಗೂ ಆಗಲೇ ತಿಳಿದದ್ದು. ಬಿಸ್ಕತ್ತಿನ ಹಿಂದೆ ಭೂತಗನ್ನಡಿ ಹಿಡಿದವಳು ನಾನು. ನನ್ನ ತಟ್ಟೆಯ ಮೊಸರು ಯಾವುದರಿಂದ ಹೆಪ್ಪುಗಟ್ಟಿತೆಂದು ಒಂದು ದಿನವೂ ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಾಲೆಂದರೆ ಬೆಳಿಗ್ಗೆ ಬರುವ ಪ್ಯಾಕೆಟ್ಟು. ಹೆಪ್ಪು ಹಾಲಿನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅದು ಅತ್ತೆಯ ಲೆಕ್ಕಕ್ಕೆ ಬರುತ್ತಿತ್ತು.

"ಅಷ್ಟರಿಂದಲೇ ಅಂತ ನಾನು ಹೇಳೋಕಾಗಲ್ಲ," ಎಂದರು ಡಾಕ್ಟರು. "ಆದ್ರೆ ಹಾಲು ಇನ್ನೂ ನಿಂತೇ ಇಲ್ವಲ್ಲ. ಬಾದಾಮಿ, ಗೋಧಿ ಎಲ್ಲಾ ಸದ್ಯ ಇರ್ಲಿ. ಹಾಲನ್ನ ನಿಜವಾಗ್ಲೂ ನಿಲ್ಸಿ. ಇನ್ನೊಂದೇ ಸಲ ನೋಡೋಣ."

ಆಟೋದಲ್ಲಿ ಮನೆಗೆ ಹೊರಟೆವು. ಸೌತ್ ಎಂಡ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅತ್ತೆ, ರಸ್ತೆ ನೋಡುತ್ತಾ, "ಒಂದು ಚಮಚ," ಎಂದರು. ನನಗೆ ಕೋಪ ಬಂತು. ಬಂತು ಎಂದೇ ಹೇಳುತ್ತೇನೆ, ಮುಚ್ಚಿಡುವುದೇನು? ಇಷ್ಟು ತಿಂಗಳ ಪಥ್ಯ, ಕಿವುಚಿದ ಅನ್ನ, ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ, ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಗಿತ್ತು. ಆ ಕೋಪವನ್ನು ಎಲ್ಲಿ ಹಾಕಲಿ? ಮಗ್ಗುಲಲ್ಲಿ ಕುಳಿತವರ ಗಿಣ್ಣು ಊದಿದ ಬೆರಳುಗಳ ಮೇಲೆಯೇ? ಬೈಯಲೂ ಆಗದೆ, ನುಂಗಲೂ ಆಗದೆ ಕುಳಿತೆ. ಯಾರಾದರೂ ನನ್ನನ್ನು ದ್ವೇಷಿಸಿ ವಿಷ ಹಾಕಿದ್ದರೆ ಎಷ್ಟು ಸಲೀಸಾಗಿತ್ತು ಎಂದು ಕೂಡ ಅನ್ನಿಸಿತು.

"ಅತ್ತೆ, ಸ್ವಲ್ಪ ಹೊತ್ತು ನನ್ನ ಮಾತಾಡಿಸ್ಬೇಡಿ," ಎಂದೆ.

ಮಾರನೆಯ ಬೆಳಿಗ್ಗೆ ಮಿಕ್ಸಿಯ ಸದ್ದು ಕೇಳಲಿಲ್ಲ. ಅತ್ತೆ ದೇವರ ಕೋಣೆಯಲ್ಲೇ ಕುಳಿತಿದ್ದರು. ಬಾದಾಮಿಯೇನೋ ನೆನೆದಿತ್ತು, ಅವರು ಕೈ ಹಾಕಿರಲಿಲ್ಲ. ತಮ್ಮಿಂದ ಇನ್ನೇನೂ ಕೆಟ್ಟುಹೋಗುವುದು ಬೇಡ ಎಂದು ರಾಘು ಹತ್ತಿರ ಹೇಳಿದರಂತೆ. ಸರಿ, ನಾನೇ ಮಾಡಿಕೊಳ್ಳುತ್ತೇನೆ ಎಂದು ಕುಳಿತೆ. ಅರ್ಧ ಬೀಜ ನೆಲಕ್ಕೆ ಚಿಮ್ಮಿದವು. ನೀರು ಒಮ್ಮೆಗೇ ಸುರಿದೆ, ತರಿತರಿಯಾಯಿತು. ಹಿಂಡಲು ಹೋದರೆ ಬಟ್ಟೆಯ ಅಂಚಿನಿಂದ ಸೀರೆಗೆಲ್ಲ ಚೆಲ್ಲಿತು. ಉಳಿದದ್ದನ್ನು ಬಿಸಿಗಿಟ್ಟು ಕಸ ತೆಗೆಯಲು ತಿರುಗುವಷ್ಟರಲ್ಲಿ ತಳ ಹತ್ತಿ ಒಡೆಯಿತು. ಮಣಿಕಟ್ಟು ನೋಯುತ್ತಿತ್ತು. ನನ್ನ ಮಣಿಕಟ್ಟಿಗೆ ಯಾವ ಕಾಯಿಲೆಯೂ ಇಲ್ಲ.

ಸೀದ ವಾಸನೆಗೆ ಅತ್ತೆ ಎದ್ದು ಬಂದರು. ಪಾತ್ರೆ ನೋಡಿದರು, ನನ್ನ ಸೀರೆ ನೋಡಿದರು. ಫ್ರಿಜ್ಜು ತೆಗೆದು ಒಂದು ಹಿಡಿ ಹಸಿಮೆಣಸಿನಕಾಯಿ ತಂದು ನನ್ನ ಮುಂದಿಟ್ಟರು.

"ತೊಟ್ಟು ಬಿಡಿಸು."

"ಯಾಕೆ?"

"ಹೆಪ್ಪೇ ಇಲ್ದಿದ್ರೆ ಹಾಲಿಗೆ ತೊಟ್ಟು ಹಾಕಿಡೋದು. ನಮ್ಮಮ್ಮನ ಮನೇಲಿ ಮಾಡೋರು. ಈ ಮನೇಲಿ ನಂಗೆ ಅದರ ಅವಶ್ಯಕತೆ ಬಿದ್ದಿರಲಿಲ್ಲ." ದನಿ ಸ್ವಲ್ಪ ಬಿಗಿಯಾಗಿತ್ತು.

ಅವತ್ತು ಅಂಗಡಿಗೆ ರಜೆ ಹಾಕಿದೆ. ಅವರು ಹೇಳಿದರು, ನಾನು ಹಿಂಡಿದೆ. ಗೋಡಂಬಿ ಹೆಚ್ಚು ಸೇರಿಸಿ ಮಂದ ಹಾಲು ತೆಗೆದು, ಬೆಚ್ಚಗಿರುವಾಗ ತೊಳೆದ ತೊಟ್ಟುಗಳನ್ನು ಮುಳುಗಿಸಿ, ಪಾತ್ರೆಯನ್ನು ಅಕ್ಕಿ ಡಬ್ಬದೊಳಗೆ ಹುಗಿದಿಟ್ಟೆವು. ಮೊದಲನೆಯದು ನೀರಾಯಿತು. ಎರಡನೆಯದು ವಾಸನೆ ಬಂತು. ಆಮೇಲೆ ಒಂದು ಬೆಳಿಗ್ಗೆ ತೊಟ್ಟುಗಳ ಸುತ್ತ ನಡುಗುವ, ಮೆತ್ತಮೆತ್ತಗಿನ ಏನೋ ಒಂದು ಕಟ್ಟಿತ್ತು. ಅತ್ತೆ ಹೊಸ ಚಮಚ ತೆಗೆದುಕೊಂಡು ಅದರಿಂದ ಒಂದಿಷ್ಟು ಮರುದಿನದ ಹಾಲಿಗೆ ಹಾಕಿದರು. ಅದು ಇನ್ನೊಂದಿಷ್ಟು ಚೆನ್ನಾಗಿ ಬಂತು. ಅದರ ಮಾರನೆಯದು ಮೊಸರೇ ಆಯಿತು, ಸ್ವಲ್ಪ ಸಪ್ಪೆ.

"ಈಗಿನ್ನೂ ಎಳೇದು," ಎಂದರು. "ಹುಳಿ ಬರತ್ತೆ ತಡಿ."

ಕೆಲವು ದಿನ ಕಳೆದಿರಬೇಕು. ರಾಘು ಊಟಕ್ಕೆ ಕುಳಿತಾಗ ಮೇಜಿನ ಮೇಲೆ ಅಂಗಡಿಯ ಮೊಸರಿನ ಪ್ಯಾಕೆಟ್ ಇತ್ತು. ತುದಿ ಕತ್ತರಿಸಿ, ಲೋಟದಲ್ಲಿ ನಿಲ್ಲಿಸಿತ್ತು. ನಾನೂ ರಾಘುವೂ ಮುಖ ಮುಖ ನೋಡಿಕೊಂಡೆವು. ಫ್ರಿಜ್ಜು ತೆಗೆದೆ. ಅತ್ತೆಯ ಮೊಸರಿನ ಪಾತ್ರೆ ಯಾವಾಗಲೂ ಇರುತ್ತಿದ್ದ ಜಾಗದಲ್ಲಿ ನನ್ನ ಬಾದಾಮಿಯದ್ದು ಕುಳಿತಿತ್ತು.

"ಅತ್ತೆ, ನಿಮ್ಮ ಹೆಪ್ಪು ಎಲ್ಲಿ?"

"ಗೊಟ್ಟಿಗೆರೆಗೆ ಹೋಯ್ತು. ನಳಿನಿ ಬಂದಿದ್ಲಲ್ಲ, ಕೊಟ್ಟು ಕಳ್ಸಿದೆ."

"ಯಾಕೆ? ಎರಡೂ ಬೇರೆ ಬೇರೆ ಇಡಬಹುದಿತ್ತಲ್ಲ! ನಾನು ಕೇಳಿದ್ನಾ ನಿಮ್ಮನ್ನ?" ನನ್ನ ದನಿ ಏರಿತ್ತು. ಮತ್ತೆ ಸಿಕ್ಕಿಹಾಕಿಸಿದರಲ್ಲ ಎನ್ನಿಸಿತು. ಈ ಭಾರವನ್ನು ನಾನು ಯಾವ ಜನ್ಮಕ್ಕೆ ಇಳಿಸಲಿ?

ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟರು. "ಎರಡಿದ್ರೆ ಒಂದಿನ ಮರೆತು ಅದೇ ಚಮಚ ಇದಕ್ಕೆ ಅದ್ದಿಬಿಡ್ತೀನಿ ವಸು. ನಂಗೆ ವಯಸ್ಸಾಯ್ತು. ಕೈ ಅಭ್ಯಾಸ ನನ್ನ ಮಾತು ಕೇಳಲ್ಲ." "ಮೊಸರು ಅಂಗಡೀಲೂ ಸಿಗತ್ತೆ," ಎಂದು ಮಗನ ತಟ್ಟೆಗೆ ಪ್ಯಾಕೆಟ್ ಬಗ್ಗಿಸಿದರು.

ನನ್ನ ಕೋಪ ಅಲ್ಲಿಗೆ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕೆ ನಿಲ್ಲಲು ಜಾಗ ಸಿಗಲಿಲ್ಲ, ಅಷ್ಟೇ.

ಮೂರನೆಯ ಸಲ ಆಸ್ಪತ್ರೆಗೆ ಹೋದಾಗ ಅತ್ತೆ ತಾವಾಗಿಯೇ ಹೊರಟು ನಿಂತರು. ಟಿವಿಯಲ್ಲಿ ಅವತ್ತು ಮೀನಿನ ಸಾರು. ನನ್ನ ಪಕ್ಕದಲ್ಲಿ ಒಬ್ಬಳು ಕಾಲೇಜು ಹುಡುಗಿ ಉಗುರು ಕಚ್ಚುತ್ತಿದ್ದಳು. "ಬಾಳೆಹಣ್ಣಿನ ವಾಸನೆ ಬರತ್ತಮ್ಮ, ಹೆದರಬೇಡ," ಎಂದೆ. "ಕಣ್ಣು ಮುಚ್ಚಿ ಮೂಗಲ್ಲೇ ಉಸಿರಾಡು." ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಒಳಗೆ ಹೋಗಿ ಬಂದವಳು ದೂರದಿಂದಲೇ ಹೆಬ್ಬೆರಳು ಎತ್ತಿ ತೋರಿಸಿದಳು.

ಒಳಗಿನಿಂದ ತೆಗೆದ ಚೂರಿನ ವರದಿ ಬರುವವರೆಗೆ ಅತ್ತೆ ದಿನಾ ಬೆಳಿಗ್ಗೆ ದೇವರಿಗೆ ಏನು ಹೇಳಿಕೊಂಡರೋ, ನಾನು ಕೇಳಲಿಲ್ಲ. ಡಾಕ್ಟರು ವರದಿ ಓದಿ ಮೊದಲ ಬಾರಿಗೆ ನಕ್ಕರು. ಊತ ಬಹುಪಾಲು ಇಳಿದಿತ್ತು. ಬಲೂನ್ ಬೇಡ. "ಹೆಪ್ಪಿಂದಲೋ, ಮಾತ್ರೆ ಈಗ ಹಿಡೀತೋ, ಖಂಡಿತವಾಗಿ ಹೇಳೋಕಾಗಲ್ಲ. ಹಾಲು ಮಾತ್ರ ಇನ್ಮೇಲೂ ಬೇಡ," ಎಂದರು. ಅತ್ತೆ ಆ ಮಾತಿನ ಮೊದಲರ್ಧವನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಕೈಮುಗಿದರು.

ಕಾಯಿಲೆ ಹೋಗಿಲ್ಲ, ಇದು ಹೋಗುವ ಜಾತಿಯದ್ದಲ್ಲವಂತೆ. ಈಗಲೂ ಬಾದಾಮಿ ನೆನೆಯುತ್ತದೆ, ಬೀಜ ಈಗಲೂ ಫ್ರಿಜ್ಜಿನ ಹಿಂದೆ ಓಡುತ್ತದೆ, ಹಿಂಡುವುದು ಈಗ ರಾಘು. ಹೊರಗಿನ ಊಟಕ್ಕೆ ಹೋದರೆ ಡಬ್ಬಿ ಹಿಡಿದೇ ಹೋಗಬೇಕು. ಬಾಗಿಲು ಪೂರ್ತಿ ತೆರೆದಿಲ್ಲ, ಆದರೆ ಒಳಗೆ ಗಾಳಿಯಾಡುತ್ತಿದೆ.

ಮೊನ್ನೆ ಗೊಟ್ಟಿಗೆರೆಯಲ್ಲಿ ನಳಿನಿಯ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನಾವು ಮನೆಯವರು ಮಾತ್ರ ಎಲೆ ಹಾಕಿಕೊಂಡು ಸಾಲಾಗಿ ಕುಳಿತೆವು, ನನ್ನ ಬಲಕ್ಕೆ ಅತ್ತೆ. ಕೊನೆಗೆ ನಳಿನಿ ಮೊಸರಿನ ಪಾತ್ರೆ ತಂದಳು. ನನ್ನ ಎಲೆಗೆ ನನ್ನ ಡಬ್ಬಿಯಿಂದ, ಅತ್ತೆಯ ಎಲೆಗೆ ತನ್ನ ಪಾತ್ರೆಯಿಂದ ಬಡಿಸಿದಳು. "ನಿನ್ನ ಹೆಪ್ಪಿಂದೇ ಅಮ್ಮ. ಒಂದಿನಾನೂ ತಪ್ಸಿಲ್ಲ," ಎಂದಳು.

ಅತ್ತೆ ಕಲಸಿ ಮೊದಲ ತುತ್ತನ್ನು ಬಾಯಿಗಿಟ್ಟರು. ಅಗಿಯಲಿಲ್ಲ, ನುಂಗಲೂ ಇಲ್ಲ. ಎಲೆಯ ಕಡೆ ತಲೆ ಬಗ್ಗಿಸಿಕೊಂಡು ಹಾಗೆಯೇ ಕುಳಿತರು. ಅವರ ಗಂಟಲು ಒಮ್ಮೆ ಮೇಲೆ ಹೋಗಿ, ಕೆಳಗೆ ಬಂದು, ಮತ್ತೆ ನಿಂತಿತು.

"ಇಳೀತಾ ಅತ್ತೆ?" ಎಂದೆ.

ಆಮೇಲೆ ನುಂಗಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಹುಳಿ ಮಾಡಿದ್ದಾಳೆ," ಎಂದರು, ನನಗೆ ಮಾತ್ರ ಕೇಳುವ ಹಾಗೆ. "ಹೊರಗೇ ಬಿಟ್ಟಿರ್ಬೇಕು." ಹಾಗೆಂದು ಇನ್ನೊಂದು ಸೌಟು ಹಾಕಿಸಿಕೊಂಡರು.

ಇಬ್ಬರೂ ಎಲೆ ಖಾಲಿ ಮಾಡಿದೆವು. ಎಲ್ಲರದ್ದೂ ಆದ ಮೇಲೆ ಅತ್ತೆಯನ್ನು ಕೈಹಿಡಿದು ಎಬ್ಬಿಸುವಾಗ ನೋಡಿದೆ, ನನ್ನ ಎಲೆಯ ಪಕ್ಕದ ನೀರಿನ ಲೋಟ ತಂದಿಟ್ಟಾಗ ಇದ್ದಷ್ಟೇ ತುಂಬಿತ್ತು.